"ಬಸ್ಸು ಬರ್ತಿದೆ" ಅಂತ ನಾನೂ ಫಾರ್ವರ್ಡ್ ಮಾಡಿದ್ದೆ. ಬ್ಲಾಕ್ ಲೈವ್ಸ್ ಮ್ಯಾಟರ್ ಹ್ಯಾಷ್‌ಟ್ಯಾಗಿನಿಂದ ಕೊನೆಗೆ ಆಗಿದ್ದೇನು?

ಮಂಜು_ಪ್ಲಿಮತ್
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್‌ನಲ್ಲಿ. ಬಂದು ಹದಿನೇಳು ವರ್ಷ ಆಯಿತು. ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಜಾಗಕ್ಕೆ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದಾರಿ.

ಒಂದು ವಿಷಯ ಒಪ್ಪಿಕೊಳ್ಳಬೇಕು. 2020ರ ಜೂನ್ ಮೊದಲ ವಾರ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಆಂಟಿಫಾದವರು (ಫ್ಯಾಸಿಸಂ ವಿರೋಧಿ ಎಡಪಂಥೀಯರು) ಬಸ್ಸು ಮಾಡಿಕೊಂಡು ಬರುತ್ತಿದ್ದಾರೆ, ರಾತ್ರಿ ಬಡಾವಣೆಗಳಿಗೆ ನುಗ್ಗುತ್ತಾರೆ, ಗ್ಯಾರೇಜಿನ ದೀಪ ಹಾಕಿಡಿ ಅಂತ. ಹಿಂದೆಮುಂದೆ ನೋಡದೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಆ ರಾತ್ರಿ ಮೂರು ಮನೆಯವರು ಮಲಗಲಿಲ್ಲ. ಒಬ್ಬರಂತೂ ಬಾಗಿಲ ಹಿಂದೆ ಕ್ರಿಕೆಟ್ ಬ್ಯಾಟ್ ಹಿಡಿದುಕೊಂಡು ಕೂತಿದ್ದರು. ಬಸ್ಸು ಬರಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ಮಗಳು ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ರಜೆಗೆ ಬಂದವಳು ಕೇಳಿದಳು, "ಅಪ್ಪಾ, ಆಗ ನಿನ್ನ ಫೋನಿಗೆ ಏನೇನು ಬರ್ತಿತ್ತು? ತೋರಿಸು." ಹಳೇ ಫೋನ್ ಕೆಟ್ಟುಹೋಯಿತು ಅಂದೆ. ಸುಳ್ಳು. ಡ್ರಾಯರಿನಲ್ಲೇ ಇದೆ.

ಅವಳ ಪ್ರಶ್ನೆಯನ್ನೇ ಇಲ್ಲಿ ಕೇಳುತ್ತೇನೆ. ಸೋಶಿಯಲ್ ಮೀಡಿಯಾ ಇಲ್ಲದಿದ್ದರೆ ಬ್ಲಾಕ್ ಲೈವ್ಸ್ ಮ್ಯಾಟರ್ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಅನ್ನುವ ಚಳವಳಿ) ಇಷ್ಟು ದೊಡ್ಡದಾಗುತ್ತಿತ್ತಾ? ಅಥವಾ ಅದು ವಿರೋಧಿಗಳನ್ನೂ ಅಷ್ಟೇ ಬೆಳೆಸಿ, ಎರಡೂ ಕಡೆ ವಜಾ ಆಗಿ ಸೊನ್ನೆ ಉಳಿಯಿತಾ? ರಾಜಕೀಯ ಬೇಡ, ಅನುಭವ ಹೇಳಿ.

ಬೆಣ್ಣೆದೋಸೆ
ರಾಜಕೀಯ ಬೇಡ ಅಂತ ಈ ವಿಷಯ ಎತ್ತುವುದು, ಈರುಳ್ಳಿ ಹಾಕಬೇಡಿ ಅಂತ ಈರುಳ್ಳಿ ದೋಸೆ ಕೇಳಿದ ಹಾಗೆ ಮಂಜಣ್ಣ.

ರೇಖಾ_ಡಲ್ಲಾಸ್
ನನ್ನ ಪ್ರಕಾರ ಎಲ್ಲಾ ಒಂದು ಹುಡುಗಿಯ ಫೋನಿನಿಂದ ಶುರು. 2020ರ ಮೇ 25ರ ರಾತ್ರಿ ಮಿನಿಯಾಪೊಲಿಸ್ ಪೊಲೀಸರು ಹೊರಡಿಸಿದ ಮೊದಲ ಪ್ರಕಟಣೆ ಓದಿದ್ದೀರಾ? ಪೊಲೀಸರ ಜೊತೆ ಮಾತುಕತೆ ವೇಳೆ ಆರೋಗ್ಯ ಕೆಟ್ಟು ಒಬ್ಬ ವ್ಯಕ್ತಿ ತೀರಿಕೊಂಡ ಅನ್ನುವ ಧಾಟಿಯಲ್ಲಿತ್ತು. ಕುತ್ತಿಗೆ ಮೇಲೆ ಮೊಣಕಾಲು ಇಟ್ಟ ಮಾತೇ ಇರಲಿಲ್ಲ. ಡಾರ್ನೆಲಾ ಫ್ರೇಜಿಯರ್ ಆಗ 17 ವರ್ಷದವಳು. ಚಿಕ್ಕ ಸಂಬಂಧಿ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳು. ಅವಳು ಅಲ್ಲೇ ನಿಂತು ಪೂರ್ತಿ ವಿಡಿಯೋ ಮಾಡಿ ಫೇಸ್‌ಬುಕ್ಕಿಗೆ ಹಾಕದಿದ್ದರೆ ಆ ಪ್ರಕಟಣೆಯೇ ಇತಿಹಾಸ ಆಗಿಬಿಡುತ್ತಿತ್ತು. ಮಾರನೇ ದಿನ ನಾಲ್ಕು ಪೊಲೀಸರ ಕೆಲಸ ಹೋಯಿತು. ಮುಂದಿನ ವರ್ಷ, ಮೊಣಕಾಲು ಇಟ್ಟಿದ್ದ ಡೆರೆಕ್ ಶಾವಿನ್‌ಗೆ 22 ವರ್ಷ 6 ತಿಂಗಳು ಶಿಕ್ಷೆ. ಆ ಹುಡುಗಿಗೆ ಪುಲಿಟ್ಜರ್ ಸಮಿತಿಯ ವಿಶೇಷ ಗೌರವ.

ಮೊಣಕಾಲು ಕುತ್ತಿಗೆ ಮೇಲಿದ್ದ ಆ 8 ನಿಮಿಷ 46 ಸೆಕೆಂಡ್ ನಾನು ಇವತ್ತಿಗೂ ಪೂರ್ತಿ ನೋಡಿಲ್ಲ. ಆಗಲ್ಲ.

ಕೋರ್ಟ್‌ಕಟ್ಟೆ
ಚಿಕ್ಕ ತಿದ್ದುಪಡಿ ರೇಖಾ ಅವರೇ. 8:46 ಮೊದಲು ಹೇಳಿದ ಲೆಕ್ಕ. ಅದೇ ಘೋಷಣೆ ಆಗಿ ಉಳಿದುಬಿಟ್ಟಿತು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ತೋರಿಸಿದ್ದು 9 ನಿಮಿಷ 29 ಸೆಕೆಂಡ್.

ಸೀದಾಸಾದಾ
ಇದು ವಿಡಿಯೋದ ಕೆಲಸ, ಹ್ಯಾಷ್‌ಟ್ಯಾಗಿನದ್ದಲ್ಲ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್‌ಗೆ ಪೊಲೀಸರು ಹೊಡೆದಿದ್ದನ್ನು ಒಬ್ಬರು ಬಾಲ್ಕನಿಯಿಂದ ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದರು. ಆಗ ಟ್ವಿಟರ್ ಎಲ್ಲಿತ್ತು? ಟಿವಿಯಲ್ಲಿ ಬಂತು, ಇಡೀ ದೇಶ ನೋಡಿತು. ಹ್ಯಾಷ್‌ಟ್ಯಾಗ್ ಅನ್ನುವುದು ಗಣೇಶನ ಮೆರವಣಿಗೆಯ ತಮಟೆ. ಗಣೇಶ ಬೇರೆ ಇರಬೇಕು.

ಕಾವ್ಯ_ಓಕ್‌ಲ್ಯಾಂಡ್
ತಮಟೆ ಇಲ್ಲದೆ ಮೆರವಣಿಗೆ ಮಾಡಿ ನೋಡಿ ಸಾರ್, ಬಾಗಿಲು ತೆಗೆದು ಯಾರು ಹೊರಗೆ ಬರುತ್ತಾರೆ?

ಈ ಹೆಸರು ಹುಟ್ಟಿದ್ದೇ ಪೋಸ್ಟಿನಲ್ಲಿ. 2013ರ ಜುಲೈನಲ್ಲಿ, ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದ ಕೇಸಿನ ಆರೋಪಿ ಖುಲಾಸೆ ಆದ. ಆ ದಿನ ಅಲಿಷಿಯಾ ಗಾರ್ಜಾ ಫೇಸ್‌ಬುಕ್ಕಿನಲ್ಲಿ ಕಪ್ಪು ಜನರಿಗೆ ಪ್ರೀತಿಯ ಪತ್ರ ಅಂತ ಬರೆದರು. ಪಾಟ್ರೀಸ್ ಕಲರ್ಸ್ ಅದಕ್ಕೆ ಹ್ಯಾಷ್ ಸೇರಿಸಿದರು. ಓಪಲ್ ಟೊಮೆಟಿ ಆನ್‌ಲೈನ್ ಜಾಗ ಕಟ್ಟಿದರು. ಮೂವರೂ ಹೆಂಗಸರು, ಇದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆಮೇಲೆ 2014ರ ಆಗಸ್ಟ್, ಮಿಸೌರಿಯ ಫರ್ಗ್ಯುಸನ್. ಪೊಲೀಸ್ ಗುಂಡಿಗೆ ಮೈಕಲ್ ಬ್ರೌನ್ ಅನ್ನುವ ಕಪ್ಪು ಹುಡುಗ ಸತ್ತ ನಂತರದ ರಾತ್ರಿಗಳಲ್ಲಿ ನನ್ನ ಟ್ವಿಟರ್ ತುಂಬಾ ಅಶ್ರುವಾಯು, ಕೂಗಾಟ. ಫೇಸ್‌ಬುಕ್ ತೆಗೆದರೆ ಎಲ್ಲರೂ ತಲೆ ಮೇಲೆ ಐಸ್ ನೀರು ಸುರಿದುಕೊಳ್ಳುತ್ತಿದ್ದರು. ಅದೇ ದೇಶ, ಅದೇ ರಾತ್ರಿ. ಟ್ವಿಟರ್ ಆಗ ಬಂದ ಹಾಗೇ ತೋರಿಸುತ್ತಿತ್ತು. ಫೇಸ್‌ಬುಕ್ ನಿಮಗೆ ಏನು ಇಷ್ಟ ಅಂತ ತಾನೇ ಊಹಿಸಿ ಬಡಿಸುತ್ತಿತ್ತು. ದುಃಖದ ಸುದ್ದಿಗೆ ಲೈಕ್ ಒತ್ತುವವರು ಯಾರು? ಹಾಗಾಗಿ ಕೆಳಗೆ ಹೋಯಿತು.

ಗಿರಿನಗರ_ಗಿಣಿ
ಆ ಐಸ್ ಬಕೆಟ್ ನಾನೂ ಸುರಿದುಕೊಂಡಿದ್ದೆ. ಮೂರು ದಿನ ಶೀತ. ಯಾವ ಕಾಯಿಲೆಗೆ ಅಂತ ಇವತ್ತಿಗೂ ಗೊತ್ತಿಲ್ಲ.

ಕಾವ್ಯ_ಓಕ್‌ಲ್ಯಾಂಡ್
ಎಎಲ್‌ಎಸ್, ನರಗಳ ಕಾಯಿಲೆ. ಅದಕ್ಕೆ ನಿಜವಾಗಿ ದುಡ್ಡು ಸೇರಿತು. ಶೀತ ವ್ಯರ್ಥ ಆಗಲಿಲ್ಲ ಬಿಡಿ.

ಸೀದಾಸಾದಾ
ಫರ್ಗ್ಯುಸನ್ ಎತ್ತಿದ್ದು ಒಳ್ಳೆಯದಾಯಿತು. "ಕೈ ಎತ್ತಿದ್ದೇನೆ, ಗುಂಡು ಹಾರಿಸಬೇಡಿ" ಅನ್ನುವ ಘೋಷಣೆ ಊರೆಲ್ಲ ಓಡಿತು. ಒಬಾಮಾ ಕಾಲದ ನ್ಯಾಯ ಇಲಾಖೆಯೇ ತನಿಖೆ ಮಾಡಿ, ಬ್ರೌನ್ ಹಾಗೆ ಶರಣಾಗಿದ್ದ ಅನ್ನುವುದಕ್ಕೆ ನಂಬುವಂಥ ಸಾಕ್ಷಿ ಇಲ್ಲ ಅಂದಿತು. ಅಷ್ಟು ಹೊತ್ತಿಗೆ ಟಿ ಶರ್ಟ್ ಮೇಲೆ ಅಚ್ಚಾಗಿತ್ತು. ಮಂಜು ಅವರ ಬಸ್ಸಿಗೂ ಇದಕ್ಕೂ ಏನು ವ್ಯತ್ಯಾಸ?

ಕೋರ್ಟ್‌ಕಟ್ಟೆ
ವ್ಯತ್ಯಾಸ ಇದೆ. ಅದೇ ಇಲಾಖೆ ಅದೇ ದಿನ, 2015ರ ಮಾರ್ಚ್ 4ರಂದು, ಇನ್ನೊಂದು ವರದಿಯನ್ನೂ ಬಿಡುಗಡೆ ಮಾಡಿತು. ಅದು ಫರ್ಗ್ಯುಸನ್ ಪೊಲೀಸ್ ಇಲಾಖೆಯ ಬಗ್ಗೆ. ಊರಿನಲ್ಲಿ ಕಪ್ಪು ಜನ 67%. ಗಾಡಿ ತಡೆದಿದ್ದರಲ್ಲಿ ಅವರು 85%. ಬಂಧನದಲ್ಲಿ 93%. ದಂಡ ಹಾಕಿ ಹಾಕಿ ಊರಿನ ಬೊಕ್ಕಸ ತುಂಬಿಸುತ್ತಿದ್ದರು. ಒಂದು ಘೋಷಣೆ ತಪ್ಪಿರಬಹುದು, ಬೀದಿಗೆ ಇಳಿದ ಸಿಟ್ಟು ಸುಳ್ಳಾಗಿರಲಿಲ್ಲ. ಬೇಸರ ಏನೆಂದರೆ, ಒಂದು ಕಡೆಯವರು ಮೊದಲನೇ ವರದಿಯನ್ನಷ್ಟೇ ಹಂಚಿದರು, ಇನ್ನೊಂದು ಕಡೆಯವರು ಎರಡನೆಯದನ್ನಷ್ಟೇ. ಎರಡನ್ನೂ ಹಂಚಿದವರನ್ನು ನಾನಂತೂ ಕಂಡಿಲ್ಲ.

ಸೀದಾಸಾದಾ
ಒಪ್ಪಿದೆ. ಅರ್ಧ.

ಸರ್ವರ್_ಸೋಮ
ಮಂಜಣ್ಣ, ನಿಮ್ಮ ಬಸ್ಸಿನ ಕಥೆಗೆ ಬರೋಣ. ನಿಮ್ಮ ಮೆಸೇಜ್ ಎಲ್ಲಿಂದ ಹುಟ್ಟಿತು ಅಂತ ಹೇಳೋಕಾಗಲ್ಲ. ಆದರೆ ಅದೇ ವಾರ ಟ್ವಿಟರ್ ಒಂದು ಖಾತೆ ಮುಚ್ಚಿತು. ಹೆಸರು ಆಂಟಿಫಾ ಅಂತ. ಇವತ್ತು ರಾತ್ರಿ ಬಿಳಿಯರ ಬಡಾವಣೆಗಳಿಗೆ ಹೋಗೋಣ ಅಂತ ಪೋಸ್ಟ್ ಹಾಕಿತ್ತು. ನಡೆಸುತ್ತಿದ್ದವರು ಆಂಟಿಫಾ ಅಲ್ಲ, ಐಡೆಂಟಿಟಿ ಎವ್ರೋಪಾ ಅನ್ನುವ ಬಿಳಿಯ ರಾಷ್ಟ್ರವಾದಿ ಗುಂಪಿನವರು. ಎದುರಾಳಿಯ ವೇಷ ಹಾಕಿ ಎದುರಾಳಿಯ ಹೆಸರು ಕೆಡಿಸುವುದು. ಆಮೇಲೆ ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಜನ ಬಂದೂಕು ಹಿಡಿದು ಬಸ್ಸಿಗೆ ಕಾದರು. ನಿಮ್ಮ ಗೆಳೆಯರು ಬ್ಯಾಟ್ ಹಿಡಿದರು, ಅಷ್ಟೇ.

ರಷ್ಯಾದವರದ್ದು ಇನ್ನೂ ಮಜಾ. ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಕಚೇರಿ, ಇಂಟರ್ನೆಟ್ ರಿಸರ್ಚ್ ಏಜೆನ್ಸಿ. ಅಲ್ಲಿ ಕೂತವರು ಬ್ಲಾಕ್ಟಿವಿಸ್ಟ್ ಅಂತ ಒಂದು ಪುಟ ನಡೆಸಿದರು. ಅದೇ ಕಚೇರಿಯವರು ಪೊಲೀಸರ ಪರ ಪುಟವನ್ನೂ ನಡೆಸಿದರು. 2016ರ ಮೇ ತಿಂಗಳಲ್ಲಿ ಹ್ಯೂಸ್ಟನ್‌ನ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಪರ, ವಿರೋಧ ಎರಡೂ ಪ್ರತಿಭಟನೆ ಒಂದೇ ಹೊತ್ತಿಗೆ ಕರೆದರು. ರಸ್ತೆಯ ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು. ಎರಡನ್ನೂ ಕರೆದವರು ಸಾವಿರಾರು ಮೈಲಿ ದೂರದಲ್ಲಿ. ಸೆನೆಟ್ ಸಮಿತಿ 2019ರಲ್ಲಿ ಹೇಳಿದ್ದು, ಅವರು ಎಲ್ಲರಿಗಿಂತ ಜಾಸ್ತಿ ಗುರಿ ಇಟ್ಟಿದ್ದು ಆಫ್ರಿಕನ್ ಅಮೆರಿಕನ್ನರ ಮೇಲೆ.

ಇನ್ನೊಂದು. ಫೇಸ್‌ಬುಕ್ಕಿನಲ್ಲಿ ಬ್ಲಾಕ್ ಲೈವ್ಸ್ ಮ್ಯಾಟರ್ ಹೆಸರಿನ ಅತಿ ದೊಡ್ಡ ಪುಟಕ್ಕೆ ಸುಮಾರು 7 ಲಕ್ಷ ಜನ ಇದ್ದರು, ಅಸಲಿ ಪುಟದ ಎರಡರಷ್ಟು. 2018ರಲ್ಲಿ ನೋಡಿದರೆ ಅದರ ಹಿಂದೆ ಇದ್ದವನು ಆಸ್ಟ್ರೇಲಿಯಾದ ಒಬ್ಬ ಬಿಳಿಯ. ದೇಣಿಗೆ ಬೇರೆ ಎತ್ತುತ್ತಿದ್ದ.

ಬೆಣ್ಣೆದೋಸೆ
ದೇವಸ್ಥಾನದ ಹುಂಡಿ ಪಕ್ಕ ಇನ್ನೊಂದು ಹುಂಡಿ ಇಟ್ಟ ಹಾಗೆ.

ಶೆಟ್ರು_ಸೇಂಟ್‌ಪಾಲ್
ಅಸಲಿ ಹುಂಡಿ ಬಗ್ಗೆಯೂ ಮಾತಾಡಿ. 2020ರಲ್ಲಿ ಅಸಲಿ ಸಂಸ್ಥೆಗೆ ಬಂದಿದ್ದು 9 ಕೋಟಿ ಡಾಲರ್. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 60 ಲಕ್ಷ ಡಾಲರಿನ ಮನೆ ಕೊಂಡಿದ್ದು ಹೊರಗೆ ಬಂತು.

ನನ್ನದು ಹೊಟ್ಟೆಯುರಿ ಅನ್ನಬೇಡಿ. ನನ್ನ ಭಾವನ ಅಂಗಡಿ ಲೇಕ್ ಸ್ಟ್ರೀಟ್ ಕಡೆ ಇತ್ತು. ಮೇ 28ರ ರಾತ್ರಿ ಪೊಲೀಸ್ ಠಾಣೆ ಹೊತ್ತಿ ಉರಿದದ್ದನ್ನು ನಾವು ಫೇಸ್‌ಬುಕ್ ಲೈವ್‌ನಲ್ಲಿ ನೋಡಿದೆವು. ಒಂದು ಲೈವ್‌ನಲ್ಲಿ ಭಾವನ ಅಂಗಡಿಯ ಗಾಜು ಒಡೆಯುವುದು ಕಂಡಿತು. ಅಕ್ಕ ಚೀರಿದಳು. ಕೆಳಗೆ ಯಾರೋ ಕಾಮೆಂಟ್ ಹಾಕಿದ್ದರು, ಇಲ್ಲಿಗೆ ಬನ್ನಿ, ಬಾಗಿಲು ತೆರೆದಿದೆ ಅಂತ. ನ್ಯಾಯ ಕೇಳುವ ಜನರನ್ನು ಕರೆದ ಅದೇ ಫೋನು ಕಳ್ಳರನ್ನೂ ಕರೆಯಿತು. ಇದನ್ನು ಹೇಳಿದರೆ ನಮ್ಮ ಮಕ್ಕಳು ನಮ್ಮನ್ನೇ ಜನಾಂಗ ದ್ವೇಷಿ ಅನ್ನುತ್ತಾರೆ. ಭಾವ ಈಗ ಅಯೋವಾದಲ್ಲಿದ್ದಾರೆ. ಮಿನಿಯಾಪೊಲಿಸ್ ಹೆಸರು ಎತ್ತುವ ಹಾಗಿಲ್ಲ.

ರೇಖಾ_ಡಲ್ಲಾಸ್
ಶೆಟ್ರೇ, ನಿಮ್ಮ ನೋವು ಸುಳ್ಳಲ್ಲ. ಆದರೆ ಅದೇ ರಸ್ತೆ ಕಡೆ ಗಾಂಧಿ ಮಹಲ್ ಅಂತ ಒಂದು ಹೋಟೆಲ್ ಇತ್ತಲ್ಲ, ಬಾಂಗ್ಲಾದೇಶದವರದ್ದು? ಅದೂ ಸುಟ್ಟಿತು. ಕಟ್ಟಡ ಉರಿಯಲಿ, ನ್ಯಾಯ ಸಿಗಬೇಕು ಅಂತ ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಮಗಳು ಬರೆದು ಹಾಕಿದಳು. ಜಗತ್ತೆಲ್ಲ ಓಡಿತು.

ಶೆಟ್ರು_ಸೇಂಟ್‌ಪಾಲ್
ದೊಡ್ಡ ಮನಸ್ಸು. ನಮಗೆ ಅಷ್ಟಿಲ್ಲ. ಅವರ ಮಾತು ಓಡಿತು, ಅಕ್ಕ ಅತ್ತಿದ್ದು ಎಲ್ಲೂ ಓಡಲಿಲ್ಲ. ಅದನ್ನೇ ನಾನು ಹೇಳುತ್ತಿರುವುದು.

ಹಳೇ_ಪತ್ರಕರ್ತ
ನನಗೆ 71. ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಸಹಿಸಿಕೊಳ್ಳಿ.

1955ರ ಡಿಸೆಂಬರ್. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನ ಆದ ರಾತ್ರಿ ಜೋ ಆನ್ ರಾಬಿನ್ಸನ್ ಅನ್ನುವ ಕಾಲೇಜು ಅಧ್ಯಾಪಕಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಬೆಳಗಿನವರೆಗೂ ನಿಂತರು. ಹತ್ತಾರು ಸಾವಿರ ಕರಪತ್ರ. ಬೆಳಿಗ್ಗೆ ಅದನ್ನು ಹಂಚಲು ಕೈಗಳು ತಯಾರಿದ್ದವು, ಯಾಕೆಂದರೆ ಅವರ ಮಹಿಳಾ ಸಂಘ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿತ್ತು. ಬಸ್ ಬಹಿಷ್ಕಾರ ನಡೆದದ್ದು 381 ದಿನ. ಅಷ್ಟು ದಿನ ಜನರನ್ನು ಕೆಲಸಕ್ಕೆ ಮುಟ್ಟಿಸಲು ಯಾರ ಕಾರು ಎಲ್ಲಿಗೆ, ಎಷ್ಟು ಗಂಟೆಗೆ, ಎಲ್ಲದಕ್ಕೂ ಲೆಕ್ಕ ಇಟ್ಟರು.

2020ರಲ್ಲಿ ಏನಾಯಿತು? ಮೇ 26ರಿಂದ ಜೂನ್ 7ರವರೆಗೆ ಆ ಹ್ಯಾಷ್‌ಟ್ಯಾಗ್ ಟ್ವಿಟರ್‌ನಲ್ಲಿ ಬಳಕೆ ಆದದ್ದು ಸುಮಾರು 4 ಕೋಟಿ 78 ಲಕ್ಷ ಸಲ, ಪ್ಯೂ ಸಂಸ್ಥೆಯ ಲೆಕ್ಕ. ಒಂದೂವರೆ ಕೋಟಿಗೂ ಹೆಚ್ಚು ಜನ ಬೀದಿಗೆ ಬಂದರು ಅಂತ ಅಂದಾಜು. ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡದು ವಿರಳ. ಆದರೆ ಚಳವಳಿಗೆ ಅಮೆರಿಕನ್ನರ ಬೆಂಬಲ ನೋಡಿ. ಜೂನ್‌ನಲ್ಲಿ 67%, ಸೆಪ್ಟೆಂಬರಿಗೆ 55%. ಮೂರೇ ತಿಂಗಳು! ಮುಂಗಾರಿನ ಹಳ್ಳ ಹಾಗೇ ಅಲ್ವಾ? ಬಂದಾಗ ಸೇತುವೆ ಮುಳುಗುತ್ತದೆ, ಸಂಕ್ರಾಂತಿ ಹೊತ್ತಿಗೆ ದನಕ್ಕೆ ನೀರಿಲ್ಲ. ಕರಪತ್ರ ಹಂಚುವ ಕಷ್ಟ ಇತ್ತಲ್ಲ, ಆ ಕಷ್ಟವೇ ಸಂಘಟನೆ ಕಟ್ಟಿಸುತ್ತಿತ್ತು.

ಕಾವ್ಯ_ಓಕ್‌ಲ್ಯಾಂಡ್
ಸಾರ್, ಹಳೆಯದೆಲ್ಲ ಚಿನ್ನ ಅನ್ನುವ ಮಾತು ಇದು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಬಂಧಿತರ ಜಾಮೀನು ನಿಧಿಗೆ ವಾರಗಳಲ್ಲಿ 3 ಕೋಟಿ ಡಾಲರ್ ಬಂತು. ಅದು ಸೈಕ್ಲೋಸ್ಟೈಲಿನಿಂದ ಆಗುತ್ತಿತ್ತಾ? ಊರೂರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಂಘಟನೆಗಳು ಈಗಲೂ ಇವೆ. ಕ್ಯಾಮೆರಾ ಅವರ ಕಡೆ ತಿರುಗಲ್ಲ ಅಷ್ಟೇ.

ನನಗೆ ಬೇಸರ ಇರುವುದು ನಮ್ಮಂಥವರ ಮೇಲೆ. ಜೂನ್ 2ರಂದು ನಾನೂ ಇನ್‌ಸ್ಟಾಗ್ರಾಮ್‌ನಲ್ಲಿ ಕಪ್ಪು ಚೌಕ ಹಾಕಿದೆ. ಅವತ್ತು 2 ಕೋಟಿ 80 ಲಕ್ಷಕ್ಕೂ ಹೆಚ್ಚು ಚೌಕ. ಎಲ್ಲರೂ ಬ್ಲಾಕ್ ಲೈವ್ಸ್ ಮ್ಯಾಟರ್ ಹ್ಯಾಷ್‌ಟ್ಯಾಗೇ ಹಾಕಿದ್ದರಿಂದ, ಯಾವ ಬೀದಿಯಲ್ಲಿ ಏನಾಗುತ್ತಿದೆ, ವಕೀಲರ ನಂಬರ್ ಏನು ಅಂತ ಹುಡುಕಿದವರಿಗೆ ಬರೀ ಕಪ್ಪು ಕಂಡಿತು. ಬೆಂಬಲ ಕೊಡುತ್ತೇನೆ ಅಂತ ಬಾಯಿಗೆ ಬಟ್ಟೆ ತುರುಕಿದೆ.

ಕೋರ್ಟ್‌ಕಟ್ಟೆ
ಮಂಜು ಅವರ ಪ್ರಶ್ನೆಯ ಎರಡನೇ ಅರ್ಧ ಯಾರೂ ಮುಟ್ಟಿಲ್ಲ. ವಿರೋಧಿಗಳು ಬರೀ ಕೂಗಾಡಲಿಲ್ಲ, ಶಾಸನಸಭೆಗೆ ಹೋದರು. ಪೊಲೀಸರ ಪರವಾದ ಬ್ಲೂ ಲೈವ್ಸ್ ಮ್ಯಾಟರ್ ಶುರುವಾಗಿದ್ದು 2014ರ ಡಿಸೆಂಬರ್, ಬ್ರೂಕ್ಲಿನ್‌ನಲ್ಲಿ ಇಬ್ಬರು ಪೊಲೀಸರ ಕೊಲೆ ಆದಮೇಲೆ. 2016ರ ಮೇ ತಿಂಗಳಿಗೆ ಲೂಸಿಯಾನಾದಲ್ಲಿ ಆ ಹೆಸರಿನಲ್ಲೇ ಜನ ಕರೆಯುವ ಕಾನೂನು ಬಂತು. ಪೊಲೀಸರ ಮೇಲಿನ ದಾಳಿಯೂ ದ್ವೇಷದ ಅಪರಾಧ ಅಂತ. ಸಹಿ ಹಾಕಿದ್ದು ಡೆಮಾಕ್ರಾಟ್ ಗವರ್ನರ್! ಹದಿನೇಳು ತಿಂಗಳಲ್ಲಿ ಹ್ಯಾಷ್‌ಟ್ಯಾಗ್ ಕಾನೂನಾಯಿತು. ಜಾರ್ಜ್ ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆ ಕೆಳಮನೆಯಲ್ಲಿ ಎರಡು ಸಲ ಪಾಸಾಗಿ ಸೆನೆಟ್‌ನಲ್ಲಿ ಸತ್ತಿತು.

"ಡಿಫಂಡ್ ದ ಪೊಲೀಸ್" (ಪೊಲೀಸರಿಗೆ ಕೊಡುವ ಹಣ ಕಡಿತ ಮಾಡಿ) ಅನ್ನುವುದು ಹ್ಯಾಷ್‌ಟ್ಯಾಗಿಗೆ ಹೇಳಿ ಮಾಡಿಸಿದ ಮಾತು, ಮತಕ್ಕೆ ಅಲ್ಲ. 2021ರ ನವೆಂಬರ್‌ನಲ್ಲಿ ಪೊಲೀಸ್ ಇಲಾಖೆ ತೆಗೆದು ಬೇರೆ ಇಲಾಖೆ ಮಾಡೋಣವೇ ಅಂತ ಮಿನಿಯಾಪೊಲಿಸ್‌ನಲ್ಲಿ ಮತ ಹಾಕಿಸಿದರು. 56% ಬೇಡ ಅಂದರು. ಎದುರಾಳಿಗಳಿಗೆ ಆ ಮೂರು ಪದ ಬಿಟ್ಟಿ ಸಿಕ್ಕಿದ ಪ್ರಚಾರ.

ಸೀದಾಸಾದಾ
ಈಗ ಅದೂ ಮುಗಿಯಿತಲ್ಲ. 2025ರ ಮೇನಲ್ಲಿ ಮಿನಿಯಾಪೊಲಿಸ್ ಪೊಲೀಸರನ್ನು ಸುಧಾರಿಸುವ ಒಪ್ಪಂದವನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ವಾಷಿಂಗ್ಟನ್ ರಸ್ತೆ ಮೇಲೆ ಬ್ಲಾಕ್ ಲೈವ್ಸ್ ಮ್ಯಾಟರ್ ಅಂತ ಬರೆದಿದ್ದ ಹಳದಿ ಅಕ್ಷರಗಳನ್ನೂ ಅಗೆದು ತೆಗೆದರು.

ಕೋರ್ಟ್‌ಕಟ್ಟೆ
ಕೇಂದ್ರದ್ದು ಹೋಯಿತು. ರಾಜ್ಯದ ಮಾನವ ಹಕ್ಕುಗಳ ಇಲಾಖೆಯ ಜೊತೆ 2023ರಲ್ಲಿ ಆದ ಒಪ್ಪಂದ ಬೇರೆ. ಕೇಂದ್ರ ಕೈಬಿಟ್ಟಿತು ಅಂತ ಅದು ಬಿದ್ದುಹೋಗಲಿಲ್ಲ. ಸುದ್ದಿಯಾಗಲಿಲ್ಲ ಅಷ್ಟೇ.

ಅಮ್ಮ_ಎಡಿಸನ್
ನಾನು ಹೆಚ್ಚು ಓದಿದವಳಲ್ಲ. 2015ರಲ್ಲಿ ಅಲಬಾಮಾದಲ್ಲಿ ಗುಜರಾತಿನ ಒಬ್ಬರು ತಾತ ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು ವಾಕಿಂಗ್ ಹೋಗಿದ್ದರು. ಅಕ್ಕಪಕ್ಕದವರು ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂತ ಪೊಲೀಸರಿಗೆ ಫೋನ್ ಮಾಡಿದರು. ನೆಲಕ್ಕೆ ಕೆಡವಿ ಕುತ್ತಿಗೆಗೆ ಪೆಟ್ಟಾಗಿ ಅವರಿಗೆ ಲಕ್ವ ಹೊಡೆದ ಹಾಗಾಯಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲಾ ಇತ್ತು. ಅದನ್ನು ನೋಡಿದ ಮೇಲೆ ನಮ್ಮ ಯಜಮಾನರು ಎರಡು ತಿಂಗಳು ವಾಕಿಂಗ್ ನಿಲ್ಲಿಸಿದ್ದರು. ನಾವು ಬೇರೆ ಅಂದುಕೊಳ್ಳೋದು ನಾವು ಮಾತ್ರ.

ಮಂಜು, ಮಿನಿಸೋಟಾದ ಆ ಚಳಿಗೆ ಇಡ್ಲಿ ಹಿಟ್ಟು ಹುದುಗುತ್ತಾ? ಮಗ ಆ ಕಡೆ ವರ್ಗ ಆಗುತ್ತಿದ್ದಾನೆ.

ಗಿರಿನಗರ_ಗಿಣಿ
ಅಮ್ಮಾ, ಅವನ್ ಒಳಗೆ ಲೈಟ್ ಹಾಕಿ ಇಡಿ. ಅವನ್ ಆನ್ ಮಾಡಬೇಡಿ, ಲೈಟ್ ಮಾತ್ರ.

ಮಲ್ಲೇಶ್ವರ_18
ಅಮೆರಿಕ ಬಿಡಿ, 2012ರ ಆಗಸ್ಟ್ ಬೆಂಗಳೂರು ಮರೆತಿರಾ? ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಎಸ್‌ಎಂಎಸ್ ಹರಡಿತು. ಸಿಟಿ ಸ್ಟೇಷನ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಅಂತ ಮಾಡಿತು. ನಮ್ಮ ಆಫೀಸಿನ ಸೆಕ್ಯುರಿಟಿ ಹುಡುಗ ಬ್ಯಾಗ್ ಹಿಡಿದು ಬಂದು "ಸಂಬಳ ಕೊಡಿ ಸಾರ್, ಹೋಗ್ತೀನಿ" ಅಂದ. ಏನೂ ಆಗಲ್ಲ ಇರಪ್ಪ ಅಂದೆ. ಅವನು ತನ್ನ ಫೋನ್ ತೋರಿಸಿದ. ನನ್ನ ಬಾಯಿ ಮಾತಿಗಿಂತ ಅದಕ್ಕೇ ತೂಕ ಜಾಸ್ತಿ.

ಯಲ್ಲಾಪುರದವ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳಾದವು. ಉತ್ತರ ಕನ್ನಡದ ಕಾಡಂಚೇ ನಮ್ಮೂರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ.

2020ರಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ನನ್ನ ಕಂಪನಿಯ ಅರ್ಧ ಜನ ಕಪ್ಪು ಚೌಕ ಹಾಕಿದ್ದರು. ಅದೇ ವಾರ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ "ಬನ್ನಿ ಸಾರ್, ನೋಡಿ" ಅಂದರು. ಗೇಟಿನ ಹತ್ತಿರ ನಿಂತಾಗ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದರು, ಮನೆ ಹೋಯಿತು ಅಂತ. ನಾನು ಕನ್ನಡದಲ್ಲೇ "ಯಾವಾಗ ಹೋಯ್ತು ಆಂಟಿ?" ಅಂದೆ. ಅವರು ಮತ್ತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು.

ಆ ಜುಲೈನಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದರು. ನಮ್ಮಲ್ಲಿ ಮೊದಲನೆಯವರು. ಚೌಕ ಹಾಕಿದ ಗೆಳೆಯರಲ್ಲಿ ಎಷ್ಟು ಜನ ಅದನ್ನು ಹಂಚಿದರು ಅಂತ ನೋಡಿದೆ. ಒಬ್ಬನೇ. ಅವನು ಹಳಿಯಾಳದವನು.

ಕಾವ್ಯ_ಓಕ್‌ಲ್ಯಾಂಡ್
ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಅಣ್ಣ. ನಾನೂ ಹಂಚಿರಲಿಲ್ಲ. ಇವತ್ತೇ ಗೊತ್ತಾಗಿದ್ದು.

ಸೀದಾಸಾದಾ
ಇದಕ್ಕೆ ನನ್ನ ಹತ್ತಿರ ವಾದ ಇಲ್ಲ.

ಬೆಣ್ಣೆದೋಸೆ
ಯಲ್ಲಾಪುರದವರೇ, ಮನೆ ಆಮೇಲೆ ಸಿಕ್ಕಿತಾ?

ಯಲ್ಲಾಪುರದವ
ಸಿಕ್ಕಿತು. ಗೇಟಿಗೆ ಮೊದಲು ಗೆಳೆಯನನ್ನು ಕಳಿಸಿದೆ.

ಸರ್ವರ್_ಸೋಮ
ಈಗ ಅದೇ ಸರದಿ ನಮಗೆ ಬಂದಿದೆ ನೋಡಿ. 2024ರ ಡಿಸೆಂಬರ್‌ನಲ್ಲಿ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಎಐ ಸಲಹೆಗಾರ ಅಂತ ಹೆಸರಿಸಿದ ಮೇಲೆ ಎಕ್ಸ್‌ನಲ್ಲಿ ಭಾರತೀಯರ ಬಗ್ಗೆ ಏನೆಲ್ಲ ಬರೆದರು. ಎಚ್1ಬಿ ವೀಸಾ ನೆಪ ಅಷ್ಟೇ. ನಮ್ಮ ಗುಂಪುಗಳಲ್ಲಿ ಆಗ ದಿಗ್ಭ್ರಮೆ. "ನಾವೇನು ಮಾಡಿದ್ವಿ?" 2020ರಲ್ಲಿ ಕಪ್ಪು ಜನರ ಬಗ್ಗೆ ಇದೇ ಗುಂಪುಗಳಲ್ಲಿ ಬಂದ ಜೋಕುಗಳು ನನ್ನ ಹತ್ತಿರ ಇನ್ನೂ ಇವೆ.

ಶೆಟ್ರು_ಸೇಂಟ್‌ಪಾಲ್
ಆ ಜೋಕುಗಳಲ್ಲಿ ಒಂದೆರಡು ನಾನೂ ಕಳಿಸಿದ್ದೆ ಸೋಮ. ಬರೆದುಬಿಟ್ಟೆ, ಇನ್ನು ಬೈಯಿರಿ.

ಮಂಜು_ಪ್ಲಿಮತ್
ಯಾರೂ ಬೈಯಲ್ಲ ಶೆಟ್ರೇ, ಮೊದಲು ನನ್ನ ಸರದಿ. ಎಲ್ಲರಿಗೂ ಥ್ಯಾಂಕ್ಸ್. ಅಮ್ಮ, ಹಿಟ್ಟು ಹುದುಗುತ್ತದೆ, ಎರಡು ದಿನ ಬೇಕು. ಗಿಣಿ ಹೇಳಿದ ಹಾಗೆ ಲೈಟ್ ಹಾಕಿದರೆ ಒಂದೇ ರಾತ್ರಿ.

ನಿನ್ನೆ ರಾತ್ರಿ ಹಳೇ ಫೋನ್ ಚಾರ್ಜಿಗೆ ಹಾಕಿದೆ. ಆನ್ ಆಯಿತು. ಮಗಳ ಕೈಗೆ ಕೊಟ್ಟೆ. ಅವಳು ಒಂದು ಗಂಟೆ ಕೂತು ನೋಡಿದಳು. ಬಸ್ಸಿನ ಮೆಸೇಜ್ ಬಂದಾಗ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು. ಆಮೇಲೆ ಕೇಳಿದ್ದು ಒಂದೇ. "ಇದು ನಿನಗೆ ಯಾರು ಕಳಿಸಿದ್ದು ಅಂತ ಗೊತ್ತಾ?" ನೋಡಿದರೆ ನಮ್ಮ ಬೀದಿಯವರೇ, ನಾನು ದಿನಾ ಹಾಯ್ ಹೇಳುವವರು.

ಇವತ್ತು ಬೆಳಿಗ್ಗೆ ಕನ್ನಡದವರ ಗುಂಪಿನಲ್ಲಿ ಬರೆದೆ. ಅವತ್ತು ಬಸ್ಸಿನ ವಿಷಯ ಹಾಕಿದ್ದು ಸುಳ್ಳು, ನೋಡದೆ ಕಳಿಸಿದೆ, ನಿಮ್ಮ ನಿದ್ದೆ ಕೆಡಿಸಿದೆ, ಕ್ಷಮಿಸಿ ಅಂತ. ನೂರಾ ನಲವತ್ತು ಜನರ ಗುಂಪು. ಸಂಜೆವರೆಗೆ ಒಂದೇ ಉತ್ತರ ಬಂದಿದೆ. ಬ್ಯಾಟ್ ಹಿಡಿದು ಕೂತಿದ್ದರಲ್ಲ, ಅವರದ್ದೇ.

"ಯಾವ ಬಸ್ಸು ಮಂಜಣ್ಣ?"